ಇಲಿಗೆ ಬೋನೋ, ಪಾಷಾಣವೋ, ಬೆಕ್ಕೋ? ದಾವಣಗೆರೆಯ ಮನೆ, ಅಂಗಡಿ, ಗೋದಾಮಿಗೆ ಯಾವುದು ಸರಿ

ಮಳೆ ಹಿಡಿದುಕೊಂಡಿತು ಅಂದರೆ ದಾವಣಗೆರೆಯ ಕಿರಾಣಿ ಅಂಗಡಿಗಳಲ್ಲಿ ಈ ಪ್ರಶ್ನೆ ಕೇಳಿಸುತ್ತದೆ: "ಇಲಿಗೆ ಯಾವುದು ಚೆನ್ನಾಗಿ ಕೆಲಸ ಮಾಡುತ್ತೆ?" ಅಂಗಡಿಯವರು ಇದ್ದದ್ದನ್ನೆಲ್ಲ ಎದುರಿಗೆ ಇಡುತ್ತಾರೆ. ಕೇಕು, ಗಮ್ ಪ್ಯಾಡ್, ಪೇಸ್ಟು, ಬೋನು. ಯಾವುದು ಎಲ್ಲಿಗೆ ಅಂತ ಪೊಟ್ಟಣದ ಮೇಲೆ ನೋಡಿದರೆ ತಿಳಿಯುವುದಿಲ್ಲ. ಅಡುಗೆಮನೆಗೆ ಸಾಕಾಗುವುದು ಮೆಕ್ಕೆಜೋಳದ ಗೋದಾಮಿಗೆ ಸಾಲದು. ಗೋದಾಮಿಗೆ ಬಳಸುವುದನ್ನು ಮನೆಗೆ ತಂದರೆ ಮನುಷ್ಯರ ಪ್ರಾಣವೇ ಹೋಗಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಗೆ ಸ್ಪ್ರಿಂಗ್ ಬೋನು ಮತ್ತು ಒಂದಿಷ್ಟು ಸಿಮೆಂಟು. ಗೋದಾಮಿಗೆ ಮೊದಲು ಚೀಲಗಳ ಸರಿಯಾದ ಜೋಡಣೆ, ಆಮೇಲೆ ಔಷಧಿ. ಬೀದಿಗೆ ಮುಚ್ಚಳ ಇರುವ ಕಸದ ಡಬ್ಬಿ. ಪಾಷಾಣ ಎಲ್ಲ ಕಡೆಯೂ ಕೊನೆಗೆ.

ನಮ್ಮೂರಲ್ಲಿ ಇಲಿಗೆ ಊಟದ ಕೊರತೆ ಇಲ್ಲ. ಊರ ಸುತ್ತ ಭದ್ರಾ ಕಾಲುವೆ ನೀರಿನ ಭತ್ತ. ಅದರಾಚೆ ಮೆಕ್ಕೆಜೋಳ. ಎಪಿಎಂಸಿಗೆ ಲೋಡುಗಟ್ಟಲೆ ಕಾಳು ಬರುತ್ತದೆ. ಊರೊಳಗೆ ಮಂಡಕ್ಕಿ ಭಟ್ಟಿಗಳು, ಬೆಣ್ಣೆ ದೋಸೆ ಹೋಟೆಲುಗಳು, ಸಂಜೆಯಾದರೆ ಮಿರ್ಚಿ-ಮಂಡಕ್ಕಿ ಗಾಡಿಗಳು. ದೊಡ್ಡ ಇಲಿ ಕೂಡ ದಿನಕ್ಕೆ ತಿನ್ನುವುದು ಸುಮಾರು 15ರಿಂದ 30 ಗ್ರಾಂ ಅಷ್ಟೆ. ಗಾಡಿ ಎತ್ತಿದ ಮೇಲೆ ರಸ್ತೆ ಬದಿ ಚೆಲ್ಲಿರುವ ಮಂಡಕ್ಕಿಯಲ್ಲಿ ಎಷ್ಟು ಇಲಿಯ ಹೊಟ್ಟೆ ತುಂಬುತ್ತದೆ, ಲೆಕ್ಕ ಹಾಕಿ. ಭತ್ತ ಕೊಯ್ದ ಮೇಲೆ ಗದ್ದೆಯ ಬದುವಿನಲ್ಲಿದ್ದವು ಊರಂಚಿನ ಬಡಾವಣೆಗಳ ಕಡೆ ಬರುತ್ತವೆ. ಜೋರು ಮಳೆಗೆ ಬಿಲದಲ್ಲಿ ನೀರು ನಿಂತರೆ ಚರಂಡಿಯ ಹೆಗ್ಗಣ ಬಚ್ಚಲ ಕಂಡಿಯಿಂದ ಒಳಗೆ ಬರುತ್ತದೆ.

ಸಂತಾನದ ವೇಗವೂ ಕಡಿಮೆಯಲ್ಲ. ಇಲಿ ಗರ್ಭ ಧರಿಸಿ ಸುಮಾರು ಮೂರು ವಾರಕ್ಕೆ ಮರಿ ಹಾಕುತ್ತದೆ. ಒಂದು ಸೂಲಿಗೆ ಆರೆಂಟು ಮರಿ ಸಾಮಾನ್ಯ. ಆ ಮರಿಗಳು ಎರಡು ಮೂರು ತಿಂಗಳಿಗೆ ತಾವೇ ಮರಿ ಹಾಕುತ್ತವೆ. ಊಟ ಹಾಗೇ ಬಿಟ್ಟು ಇಲಿ ಮಾತ್ರ ಕೊಂದರೆ, ಉಳಿದವು ಕೆಲವೇ ತಿಂಗಳಲ್ಲಿ ಖಾಲಿ ಜಾಗ ತುಂಬಿಬಿಡುತ್ತವೆ. ಮುಂದೆ ಯಾವುದನ್ನು ಹೋಲಿಸುವಾಗಲೂ ಈ ಮಾತು ನೆನಪಿರಲಿ.

ಬಂದಿರುವುದು ಯಾವ ಇಲಿ?

ದುಡ್ಡು ಹಾಕುವ ಮೊದಲು ಇದನ್ನು ನೋಡಿಕೊಳ್ಳಿ. ಟಾರ್ಚ್ ಹಿಡಿದು ಹಿಕ್ಕೆ ಹುಡುಕಿ. ಅಕ್ಕಿ ಕಾಳಿನಷ್ಟು ಸಣ್ಣಗಿದ್ದು ತುದಿ ಚೂಪಾಗಿದ್ದರೆ ಅದು ಸುಂಡಿಲಿ. ಅರ್ಧ ಇಂಚಿನ ಹತ್ತಿರ ಉದ್ದ, ಸ್ವಲ್ಪ ಬಾಗಿದ್ದರೆ ಅಟ್ಟ, ಜಂತಿ, ಹೆಂಚಿನ ಮೇಲೆ ಓಡಾಡುವ ಮನೆ ಇಲಿ. ಇನ್ನೂ ದಪ್ಪವಾಗಿದ್ದು, ಜೊತೆಗೆ ಗೋಡೆಯ ಬುಡದಲ್ಲಿ ಹೊಸ ಮಣ್ಣಿನ ಗುಡ್ಡೆ ಕಂಡರೆ ಹೆಗ್ಗಣ. ಇಲಿ ದಿನಾ ಓಡಾಡುವ ದಾರಿಯಲ್ಲಿ, ಗೋಡೆಯ ಕೆಳಗೆ, ಎಣ್ಣೆ ಕೈ ಸವರಿದ ಹಾಗೆ ಕಪ್ಪು ಪಟ್ಟಿ ಬಿದ್ದಿರುತ್ತದೆ. ಅದರ ಮೈಯ ಜಿಡ್ಡು ಅದು. ಅನುಮಾನವಿದ್ದರೆ ರಾತ್ರಿ ಮಲಗುವ ಮುಂಚೆ ಗೋಡೆಯಂಚಿಗೆ ತೆಳ್ಳಗೆ ರಂಗೋಲಿ ಪುಡಿ ಉದುರಿಸಿ. ಬೆಳಿಗ್ಗೆ ಹೆಜ್ಜೆ, ಬಾಲದ ಗೆರೆ ಎರಡೂ ಕಾಣುತ್ತವೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವುದೂ ಗೊತ್ತಾಗುತ್ತದೆ.

ಚೂಪು ಮೂತಿಯ, ಕೆಟ್ಟ ವಾಸನೆಯ, ಚಿಕ್ ಚಿಕ್ ಅನ್ನುತ್ತಾ ಗೋಡೆಯ ಪಕ್ಕ ಓಡುವ ಮೂಗಿಲಿ ಬಂದಿದ್ದರೆ ಬಿಟ್ಟುಬಿಡಿ. ಅದು ನಿಜಕ್ಕೂ ಇಲಿಯ ಜಾತಿಯೇ ಅಲ್ಲ. ಜಿರಳೆ, ಹುಳು ತಿಂದು ಬದುಕುತ್ತದೆ.

ಬೋನು: ಯಾವುದು, ಹೇಗೆ

ನಮ್ಮ ಕಡೆ ಎರಡು ಬಗೆ ಸಿಗುತ್ತದೆ. ತಂತಿಯ ಪೆಟ್ಟಿಗೆಯ ಹಾಗಿರುವ, ಇಲಿ ಜೀವಂತ ಸಿಗುವ ಬೋನು. ಮತ್ತೊಂದು ಹಲಗೆಯ ಮೇಲೆ ತಟ್ಟನೆ ಬಡಿಯುವ ಸ್ಪ್ರಿಂಗ್ ಬೋನು.

ತಂತಿ ಬೋನನ್ನು ಜಾಸ್ತಿ ಜನ ಇಷ್ಟಪಡುತ್ತಾರೆ, ಯಾಕೆಂದರೆ ಕೊಲ್ಲುವ ಕೆಲಸ ಇಲ್ಲ. ಮಕ್ಕಳು, ನಾಯಿ ಇರುವ ಮನೆಗೆ ಅಪಾಯವೂ ಕಡಿಮೆ. ತೊಂದರೆ ಬರುವುದು ಬೆಳಿಗ್ಗೆ. ಸಿಕ್ಕ ಇಲಿಯನ್ನು ಏನು ಮಾಡುವುದು? ಪಕ್ಕದ ಕ್ರಾಸಿನ ಖಾಲಿ ಸೈಟಿನಲ್ಲಿ ಬಿಟ್ಟರೆ ಅದು ಅಲ್ಲಿನವರ ಮನೆ ಹೊಕ್ಕುತ್ತದೆ, ಇಲ್ಲವೇ ನಿಮ್ಮ ಮನೆಗೇ ವಾಪಸ್ ಬರುತ್ತದೆ. ಬಕೆಟ್ಟಿನ ನೀರಲ್ಲಿ ಮುಳುಗಿಸುವುದು ಬಹಳ ಕ್ರೂರ. ದಯವಿಟ್ಟು ಅದನ್ನು ಮಾಡಬೇಡಿ.

ಸ್ಪ್ರಿಂಗ್ ಬೋನು ನೋಡುವುದಕ್ಕೆ ಒರಟು. ಆದರೆ ಸರಿಯಾಗಿ ಬಡಿದರೆ ಇಲಿ ಕ್ಷಣದಲ್ಲಿ ಸಾಯುತ್ತದೆ. ವಿಷ ಇಲ್ಲ. ಸತ್ತದ್ದು ಎಲ್ಲಿದೆ ಅಂತ ಗೊತ್ತಿರುತ್ತದೆ, ಹಾಗಾಗಿ ಅಟ್ಟದ ಮೂಲೆಯಿಂದ ವಾರಗಟ್ಟಲೆ ವಾಸನೆ ಬರುವುದಿಲ್ಲ. ವರ್ಷಗಟ್ಟಲೆ ಬಳಸಬಹುದು. ಕೊಲ್ಲಲೇಬೇಕಾದಾಗ ಇದಕ್ಕಿಂತ ಕಡಿಮೆ ಹಿಂಸೆಯ ದಾರಿ ಅಂಗಡಿಯಲ್ಲಿ ಸಿಗುವುದಿಲ್ಲ ಅಂತಲೇ ನನ್ನ ನಂಬಿಕೆ.

"ಬೋನು ಇಟ್ಟೆವು, ಬೀಳಲಿಲ್ಲ" ಅನ್ನುವವರು ತುಂಬಾ ಇದ್ದಾರೆ. ಸಾಮಾನ್ಯವಾಗಿ ತಪ್ಪುವುದು ಇಡುವ ರೀತಿಯಲ್ಲಿ. ಇಲಿಗೆ ಹೊಸ ವಸ್ತು ಕಂಡರೆ ಭಯ. ನಾಲ್ಕಾರು ದಿನ ಅದರ ಹತ್ತಿರ ಸುಳಿಯುವುದೇ ಇಲ್ಲ. ಅದಕ್ಕೇ ಮೊದಲ ಮೂರು ನಾಲ್ಕು ರಾತ್ರಿ ಸ್ಪ್ರಿಂಗ್ ಎಳೆಯದೆ, ಬರೀ ತಿಂಡಿ ಇಟ್ಟು ಬಿಡಿ. ನಿರ್ಭಯವಾಗಿ ತಿನ್ನಲು ಶುರು ಮಾಡಿದ ಮೇಲೆ ಒಂದೇ ರಾತ್ರಿ ಎಲ್ಲ ಬೋನುಗಳ ಸ್ಪ್ರಿಂಗ್ ಎಳೆದಿಡಿ. ಒಂದು ಬೋನು ಸಾಲದು, ಐದಾರು ಬೇಕು. ಕೋಣೆಯ ನಡುವೆ ಇಟ್ಟರೆ ಪ್ರಯೋಜನ ಇಲ್ಲ, ಇಲಿ ಗೋಡೆ ಬಿಟ್ಟು ಓಡುವುದು ಅಪರೂಪ. ತಿಂಡಿ ಇಡುವ ತುದಿ ಗೋಡೆಗೆ ತಾಗುವಂತೆ, ಬೋನು ಗೋಡೆಗೆ ಅಡ್ಡವಾಗಿರಲಿ. ತಿಂಡಿಗೆ ಒಣ ಕೊಬ್ಬರಿ, ಹುರಿದ ಶೇಂಗಾ, ಮಿರ್ಚಿ ಚೂರು ಯಾವುದಾದರೂ ಆದೀತು. ಕೊಬ್ಬರಿ ತುಣುಕನ್ನು ದಾರದಿಂದ ಬಿಗಿಯಾಗಿ ಕಟ್ಟಿ. ಸುಮ್ನೆ ಇಟ್ಟರೆ ಸ್ಪ್ರಿಂಗ್ ಅಲುಗಾಡದ ಹಾಗೆ ಎತ್ತಿಕೊಂಡು ಹೋಗುತ್ತದೆ. ಸುಂಡಿಲಿಗೆ ಚಿಕ್ಕ ಬೋನು, ಇಲಿಗೆ ದೊಡ್ಡದು. ಸುಂಡಿಲಿ ತನ್ನ ಗೂಡಿನಿಂದ ಕೆಲವೇ ಮೀಟರ್ ಓಡಾಡುವುದರಿಂದ ಬೋನುಗಳು ಹತ್ತಿರ ಹತ್ತಿರ ಇರಬೇಕು.

ಹೆಗ್ಗಣಕ್ಕೆ ಮಾತ್ರ ಸ್ಪ್ರಿಂಗ್ ಬೋನು ಸಾಲದು. ಅದರ ಮೈಕಟ್ಟಿಗೆ ಗಟ್ಟಿ ಕಬ್ಬಿಣದ, ದೊಡ್ಡ ತಂತಿ ಬೋನೇ ಬೇಕು.

ಗಮ್ ಪ್ಯಾಡ್

ಅಗ್ಗ, ಸುಲಭ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೂ ಬೇಡ ಅನ್ನುತ್ತೇನೆ. ಅಂಟಿಕೊಂಡ ಇಲಿ ಗಂಟೆಗಟ್ಟಲೆ, ಒಮ್ಮೊಮ್ಮೆ ಒಂದೆರಡು ದಿನ ಒದ್ದಾಡುತ್ತದೆ. ಕಾಲು ಬಿಡಿಸಿಕೊಳ್ಳಲು ತನ್ನ ಚರ್ಮವನ್ನೇ ಕಡಿದುಕೊಳ್ಳುತ್ತದೆ. ಭಯಕ್ಕೆ ಅಲ್ಲೇ ಉಚ್ಚೆ ಹೊಯ್ಯುತ್ತದೆ. ಇಲಿ ಜ್ವರ ಹರಡುವುದೇ ಉಚ್ಚೆಯಿಂದ. ಹಲ್ಲಿ, ಗುಬ್ಬಚ್ಚಿ, ಮರಿ ಹಾವು ಕೂಡ ಅಂಟಿಕೊಳ್ಳುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇದರ ಬಳಕೆ ನಿಲ್ಲಿಸುವಂತೆ ರಾಜ್ಯಗಳಿಗೆ ಬರೆದಿದೆ. ಸುಂಡಿಲಿ ಹಿಡಿಯಲು ಗಮ್ ಪ್ಯಾಡಿಗಿಂತ ನಾಲ್ಕು ಚಿಕ್ಕ ಸ್ಪ್ರಿಂಗ್ ಬೋನು ಮೇಲು.

ಪಾಷಾಣಗಳು: ಎಲ್ಲವೂ ಒಂದೇ ಅಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜನ "ಇಲಿ ಔಷಧಿ" ಅಂತ ಒಂದೇ ಹೆಸರಲ್ಲಿ ಕೇಳುವುದರೊಳಗೆ ನಾಲ್ಕು ಬೇರೆ ಬೇರೆ ವಿಷಗಳಿವೆ.

ಒಂದು, ನೀಲಿ ಅಥವಾ ಹಸಿರು ಬಣ್ಣದ ಕೇಕು. ಇದರಲ್ಲಿ ಸಾಮಾನ್ಯವಾಗಿ ಬ್ರೋಮಡಯೋಲೋನ್ ಇರುತ್ತದೆ, ಪ್ರಮಾಣ ಶೇ 0.005. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ಬೇಕು. ಅದೇ ಇದರ ಶಕ್ತಿ. ಯಾವ ತಿಂಡಿಯಿಂದ ಸಾವು ಬಂತು ಅನ್ನುವುದು ಉಳಿದ ಇಲಿಗಳಿಗೆ ತಿಳಿಯುವುದಿಲ್ಲ, ಅವೂ ತಿನ್ನುತ್ತವೆ. ಮನುಷ್ಯರೋ ನಾಯಿಯೋ ತಿಂದರೆ ವಿಟಮಿನ್ ಕೆ1 ಅನ್ನುವ ಮದ್ದು ಇದೆ. ಪಾಷಾಣ ಹಾಕಲೇಬೇಕು ಅಂದರೆ ನಾಲ್ಕರಲ್ಲಿ ಇದೊಂದೇ ಸ್ವಲ್ಪ ವಾಸಿ. ಆದರೆ ವಿಷ ತಿಂದು ಮಂಕಾಗಿ ಓಡಾಡುವ ಇಲಿಯನ್ನು ಬೆಕ್ಕು, ಗೂಬೆ ಹಿಡಿದು ತಿಂದರೆ ವಿಷ ಅವಕ್ಕೂ ಹೋಗುತ್ತದೆ. ಇಲಿಯ ಸಂಖ್ಯೆ ತಗ್ಗಿಸುವ ಜೀವಿಗಳನ್ನೇ ನಾವು ಕಳೆದುಕೊಳ್ಳುತ್ತೇವೆ.

ಎರಡು, ಸತುವಿನ ಫಾಸ್ಫೈಡ್. ಬೂದು-ಕಪ್ಪು ಪುಡಿ, ಬೆಳ್ಳುಳ್ಳಿಯಂಥ ವಾಸನೆ. ಹೊಟ್ಟೆಯ ಆಮ್ಲ ತಾಗಿದ ಕೂಡಲೇ ಫಾಸ್ಫೀನ್ ವಿಷಗಾಳಿ ಹುಟ್ಟಿಸುತ್ತದೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಬೇಗ ಸಾಯುತ್ತದೆ. ರೈತರು ಗದ್ದೆಯ ಬಿಲಗಳಿಗೆ ಬಳಸುವುದು ಇದನ್ನೇ. ಅಲ್ಲಿಯೂ ಮೊದಲು ಎರಡು ಮೂರು ದಿನ ವಿಷವಿಲ್ಲದ ಕಾಳು ಇಟ್ಟು ರೂಢಿ ಮಾಡಿಸಬೇಕು. ಸ್ವಲ್ಪವೇ ತಿಂದು ಬದುಕಿದ ಇಲಿ ಮತ್ತೆ ಆ ತಿಂಡಿ ಮುಟ್ಟುವುದಿಲ್ಲ. ಮನುಷ್ಯರ ಹೊಟ್ಟೆ ಸೇರಿದರೆ ಇದಕ್ಕೆ ಮದ್ದಿಲ್ಲ. ಮನೆಯೊಳಗೆ ಬೇಡ.

ಮೂರು, ಹಳದಿ ರಂಜಕದ ಪೇಸ್ಟು. ಮಕ್ಕಳಿರುವ ಮನೆಗೆ ಇದನ್ನು ತರಲೇಬೇಡಿ. ಬಾಯಿಗೆ ಹೋದರೆ ಮೊದಲು ವಾಂತಿ, ಹೊಟ್ಟೆನೋವು. ಆಮೇಲೆ ಒಂದೆರಡು ದಿನ ಎಲ್ಲ ಸರಿಯಾದ ಹಾಗೆ ಕಾಣುತ್ತದೆ. ಮನೆಯವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಅಷ್ಟರಲ್ಲಿ ಪಿತ್ತಜನಕಾಂಗ ಹಾಳಾಗಿರುತ್ತದೆ. ಇದಕ್ಕೂ ನೇರವಾದ ಮದ್ದಿಲ್ಲ. ಸಿಟ್ಟಿನ, ದುಃಖದ ಒಂದು ಗಳಿಗೆಯಲ್ಲಿ ಇದಕ್ಕೆ ಕೈ ಹಾಕಿ ಪ್ರಾಣ ಕಳೆದುಕೊಂಡವರು ಎಷ್ಟೋ ಮಂದಿ. ಮನೆಯಲ್ಲಿ ಇಲ್ಲದಿದ್ದರೆ ಆ ಗಳಿಗೆ ದಾಟಿ ಹೋಗುತ್ತದೆ. ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ನಾಲ್ಕು, ಗೋದಾಮಿನ ಮಾತ್ರೆ, ಅಂದರೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ತಾನೇ ವಿಷಗಾಳಿ ಬಿಡುತ್ತದೆ. ಗೋಡೆಯ ಸಂದಿ, ಬಾಗಿಲ ಕೆಳಗಿನಿಂದ ಪಕ್ಕದ ಕೋಣೆಗೂ ನುಗ್ಗುತ್ತದೆ. ತರಬೇತಿ ಇದ್ದವರಷ್ಟೇ ಬಳಸಬೇಕಾದ ವಸ್ತು ಇದು. "ಒಂದೇ ಒಂದು ಮಾತ್ರೆ ಅಟ್ಟದಲ್ಲಿ ಇಡು, ಎಲ್ಲಾ ಹೋಗ್ತವೆ" ಅಂತ ಯಾರಾದರೂ ಗೋದಾಮಿನಿಂದ ತಂದುಕೊಟ್ಟರೆ ಖಂಡಿತ ತೆಗೆದುಕೊಳ್ಳಬೇಡಿ. ಅದು ಮಲಗಿದವರನ್ನು ಮಲಗಿದಲ್ಲೇ ಕೊಲ್ಲಬಲ್ಲದು.

ಯಾರಾದರೂ ಯಾವುದೇ ಪಾಷಾಣ ತಿಂದಿದ್ದಾರೆ ಅನ್ನಿಸಿದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಖಾಲಿ ಪೊಟ್ಟಣವನ್ನು ಜೊತೆಗೇ ಒಯ್ಯಿರಿ. ಯಾವ ವಿಷ ಅನ್ನುವುದರ ಮೇಲೆ ಚಿಕಿತ್ಸೆ ಪೂರ್ತಿ ಬದಲಾಗುತ್ತದೆ.

ಬೆಕ್ಕು, ಮಷೀನು, ನುಸಿ ಗುಳಿಗೆ

ಬೆಕ್ಕು ಸುಂಡಿಲಿಗೆ, ಇಲಿ ಮರಿಗೆ ಒಳ್ಳೆಯದು. ಬಲಿತ ಹೆಗ್ಗಣದ ತಂಟೆಗೆ ಹೋಗುವ ಬೆಕ್ಕು ಕಡಿಮೆ. ನ್ಯೂಯಾರ್ಕಿನ ಒಂದು ಕಸ ವಿಂಗಡಣೆ ಕೇಂದ್ರದಲ್ಲಿ ಕ್ಯಾಮೆರಾ ಇಟ್ಟು 79 ದಿನ ನೋಡಿದರು. 2018ರಲ್ಲಿ ಅದರ ವರದಿ ಬಂತು. ಅಷ್ಟೂ ದಿನಗಳಲ್ಲಿ ಅಲ್ಲಿದ್ದ ಬೆಕ್ಕುಗಳು ಕೊಂದದ್ದು ಎರಡೇ ಇಲಿ. ಬೆಕ್ಕು ಇದ್ದ ದಿನ ಇಲಿಗಳು ಅಡಗಿ ಕೂತವು, ಕಡಿಮೆಯಾಗಲಿಲ್ಲ. ಮನೆಯಲ್ಲಿ ಬೆಕ್ಕು ಪ್ರೀತಿಗೆ ಸಾಕಿ. ಇಲಿಗಾಗಿಯೇ ತರಬೇಡಿ.

ಪ್ಲಗ್ಗಿಗೆ ಹಾಕುವ, ಕಿವಿಗೆ ಕೇಳಿಸದ ಸದ್ದಿನ ಮಷೀನಿಗೆ ದುಡ್ಡು ದಂಡ. ಆ ಸದ್ದು ಗೋಡೆ ದಾಟುವುದಿಲ್ಲ, ಬೀರುವಿನ ಹಿಂದಕ್ಕೂ ಹೋಗುವುದಿಲ್ಲ. ಕೆಲವೇ ದಿನದಲ್ಲಿ ಇಲಿಗೆ ಅಭ್ಯಾಸವಾಗುತ್ತದೆ. ಇವನ್ನು ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ ಅಮೆರಿಕದ ವ್ಯಾಪಾರ ಆಯೋಗ 2001ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ನುಸಿ ಗುಳಿಗೆ, ಪುದೀನಾ ಎಣ್ಣೆಯೂ ಅಷ್ಟೆ, ಹಸಿದ ಇಲಿಯನ್ನು ತಡೆಯುವುದಿಲ್ಲ.

ಕಂಡಿ ಮುಚ್ಚುವುದು

ಇದನ್ನು ಯಾರೂ ಔಷಧಿ ಅಂತ ಎಣಿಸುವುದಿಲ್ಲ. ಆದರೆ ಒಮ್ಮೆ ಮಾಡಿದರೆ ಬಹಳ ವರ್ಷ ಕೆಲಸ ಮಾಡುವುದು ಇದು. ಪೆನ್ಸಿಲ್ ತೂರುವಷ್ಟು ಸಂದಿ ಇದ್ದರೆ ಸುಂಡಿಲಿ ಬರುತ್ತದೆ. ಅರ್ಧ ಇಂಚು ಸಿಕ್ಕರೆ ಎಳೆ ಇಲಿ ಬರುತ್ತದೆ. ಇಲಿಯ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಕಡಿಯುವುದು ತಪ್ಪುವುದಿಲ್ಲ. ಮರ, ಪ್ಲಾಸ್ಟಿಕ್, ಥರ್ಮಾಕೋಲ್, ಬಟ್ಟೆ ತುರುಕಿದರೆ ಒಂದು ರಾತ್ರಿಯಲ್ಲಿ ತೂತು.

ನಮ್ಮ ಹಳೇ ಗಾರೆಯವರು ಕಂಡಿಗೆ ಗಾಜಿನ ಚೂರು ಬೆರೆಸಿದ ಸಿಮೆಂಟು ಮೆತ್ತುತ್ತಿದ್ದರು. ಅದು ಈಗಲೂ ಒಳ್ಳೆಯದೇ. ಪೈಪಿನ ಸುತ್ತ ಇರುವ ಸಣ್ಣ ಸಂದಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ, ಮೇಲೆ ಸಿಮೆಂಟು ಹಚ್ಚಿ. ಬಚ್ಚಲ ಕಂಡಿಗೆ ಕಬ್ಬಿಣದ ಜಾಲರಿ. ಬಾಗಿಲಿನ ಕೆಳಗೆ ತಗಡಿನ ಪಟ್ಟಿ. ಕಿಟಕಿಗೆ ಒತ್ತಿ ಬೆಳೆದ ಪೇರಲದ ಕೊಂಬೆ, ತೆಂಗಿನ ಗರಿ ಕತ್ತರಿಸಿ, ಮನೆ ಇಲಿಗೆ ಅದೇ ಮೆಟ್ಟಿಲು. ಒಂದು ಎಚ್ಚರಿಕೆ: ಒಳಗಿರುವ ಇಲಿಗಳನ್ನು ಬೋನಿನಲ್ಲಿ ಹಿಡಿದ ಮೇಲೆ ಕೊನೆಯ ಕಂಡಿ ಮುಚ್ಚಿ. ಮೊದಲೇ ಮುಚ್ಚಿದರೆ ಅವು ಒಳಗೇ ಉಳಿದು ವೈರು, ಬಾಗಿಲು ಕಡಿಯುತ್ತವೆ.

ಊರಂಚಿನ ಬಡಾವಣೆಯವರಿಗೆ ಇನ್ನೂ ಒಂದು ಕಾರಣ ಇದೆ. ಇಲಿ ಬಂದ ದಾರಿಯಲ್ಲೇ ನಾಗರಹಾವೂ ಬರುತ್ತದೆ.

ಹಾಗಾದರೆ ನಿಮಗೆ ಯಾವುದು?

ಜಂತಿ ಮನೆ, ಹೆಂಚಿನ ಮನೆಯಲ್ಲಿ ಎಲ್ಲ ಸಂದಿ ಮುಚ್ಚುವುದು ಆಗದ ಮಾತು. ಅಲ್ಲಿ ಕಾಳು, ಹಿಟ್ಟು ಸ್ಟೀಲ್ ಡಬ್ಬಿಗೆ ಹೋಗಲಿ, ಜಂತಿಯ ಮೇಲೆ ಸ್ಪ್ರಿಂಗ್ ಬೋನು ಕಟ್ಟಿ. ಆರ್‌ಸಿಸಿ ಮನೆಯವರಿಗೆ ಕಂಡಿ ಮುಚ್ಚುವುದೇ ಮುಖ್ಯ ಕೆಲಸ. ಬೋನು ಬೇಕಾಗುವುದು ಒಂದೆರಡು ವಾರ ಮಾತ್ರ.

ಹೋಟೆಲು, ಕಿರಾಣಿ, ಮಂಡಕ್ಕಿ ಭಟ್ಟಿಯವರು ಆಹಾರ ಇರುವ ಕಡೆ ಪಾಷಾಣ ಇಡಲೇಬಾರದು. ವಿಷದ ಚೂರನ್ನು ಇಲಿ ಬಾಯಲ್ಲಿ ಕಚ್ಚಿಕೊಂಡು ಹೋಗಿ ಎಲ್ಲಿ ಬೀಳಿಸುತ್ತದೆ ಅಂತ ಯಾರಿಗೂ ಹೇಳಲಾಗದು. ಮಂಡಕ್ಕಿ ಚೀಲದ ಕೆಳಮೂಲೆ ನೋಡಿ. ಕಡಿತ ಯಾವಾಗಲೂ ಅಲ್ಲೇ, ಗೋಡೆಗೆ ಒತ್ತಿಟ್ಟ ಬದಿಯಲ್ಲಿ. ಚೀಲಗಳನ್ನು ನೆಲದಿಂದ ಮೇಲೆ ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಜೋಡಿಸಿ. ಆ ಸಂದಿಯಲ್ಲಿ ಪೊರಕೆ ಆಡಬೇಕು, ಬೋನು ಕೂರಬೇಕು. ರಾತ್ರಿ ಶಟರ್ ಎಳೆಯುವ ಮುಂಚೆ ನೆಲದ ಕಾಳು ಗುಡಿಸಿದರೆ ಬೋನಿನ ಕೊಬ್ಬರಿಗೆ ಬೆಲೆ ಬರುತ್ತದೆ. ನೆಲದ ತುಂಬ ಮಂಡಕ್ಕಿ ಇರುವಾಗ ಬೋನಿಗೆ ಯಾವ ಇಲಿ ಬರುತ್ತದೆ?

ಮೆಕ್ಕೆಜೋಳದ ಗೋದಾಮಿಗೂ ಜೋಡಣೆಯ ನಿಯಮ ಅದೇ. ಅಲ್ಲಿ ಬೋನು ಮಾತ್ರ ಸಾಲದು, ಒಪ್ಪುತ್ತೇನೆ. ಬೀಗ ಹಾಕಿದ, ನಾಯಿ-ಮಕ್ಕಳ ಕೈಗೆ ಸಿಗದ ಪೆಟ್ಟಿಗೆಯೊಳಗೆ ಕೇಕು ಇಡಿ, ಅದೂ ಗೋದಾಮಿನ ಹೊರಗೋಡೆಯ ಸುತ್ತ ಮಾತ್ರ. ಮಾತ್ರೆಯ ಕೆಲಸವನ್ನು ತರಬೇತಿ ಇರುವವರಿಗೇ ವಹಿಸಿ.

ಸತ್ತ ಇಲಿಯನ್ನು ಬರಿಗೈಯಲ್ಲಿ ಎತ್ತಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎತ್ತಿ, ಆಳವಾಗಿ ಹೂಳಿ. ಹಿಕ್ಕೆಯನ್ನು ಒಣ ಪೊರಕೆಯಿಂದ ಗುಡಿಸಿದರೆ ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ನೆನೆದ ಮೇಲೆ ಒರೆಸಿ.

ಬೀದಿಯ ಮಟ್ಟದಲ್ಲಿ

ಒಂದು ಮನೆಯವರು ಕಂಡಿ ಮುಚ್ಚಿದರೆ ಇಲಿ ಪಕ್ಕದ ಮನೆಗೆ ಹೋಗುತ್ತದೆ. ಇಡೀ ಸಾಲು ಒಟ್ಟಿಗೆ ಮಾಡಿದರೆ ಮಾತ್ರ ಸಂಖ್ಯೆ ಇಳಿಯುತ್ತದೆ. ಇಲ್ಲಿಯೂ ಎರಡು ದಾರಿಗಳಿವೆ, ಕೊಲ್ಲುವುದು ಮತ್ತು ಊಟ ತಪ್ಪಿಸುವುದು. ಮುಂಬೈ ಪಾಲಿಕೆ ರಾತ್ರಿ ಇಲಿ ಹೊಡೆಯಲೆಂದೇ ಜನರನ್ನು ಇಟ್ಟಿದೆ. ಕೈಯಲ್ಲಿ ಟಾರ್ಚ್ ಮತ್ತು ಕೋಲು, ಒಬ್ಬರಿಗೆ ರಾತ್ರಿಗೆ 30 ಇಲಿಯ ಗುರಿ. ದಶಕಗಳಿಂದ ಹೊಡೆಯುತ್ತಿದ್ದರೂ ಇಲಿ ಉಳಿದೇ ಇದೆ. ನ್ಯೂಯಾರ್ಕ್ ಇನ್ನೊಂದು ದಾರಿ ಹಿಡಿಯಿತು. ಚೀಲದಲ್ಲಿ ಕಸ ಬೀದಿಗೆ ಇಡುವುದು ಬಿಟ್ಟು ಮುಚ್ಚಳದ ಡಬ್ಬಿಯಲ್ಲೇ ಇಡಬೇಕು ಅನ್ನುವ ನಿಯಮ 2024ರ ನವೆಂಬರ್‌ನಲ್ಲಿ ಅಲ್ಲಿನ ಸಣ್ಣ ಕಟ್ಟಡಗಳಿಗೂ ಬಂತು. 16 ನಗರಗಳ ಲೆಕ್ಕ ನೋಡಿ 2025ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ 11 ನಗರಗಳಲ್ಲಿ ಇಲಿ ಹೆಚ್ಚಾಗಿದೆ. ಬಿಸಿಲು ಏರಿದ, ಜನ ಒತ್ತಾದ, ಹಸಿರು ಕಡಿಮೆಯಾದ ಊರುಗಳಲ್ಲಿ ಏರಿಕೆ ಜಾಸ್ತಿ. ದಾವಣಗೆರೆಯ ಬಿಸಿಲಿನಲ್ಲಿ ಬದುಕುವ ನಮಗೆ ಇದು ದೂರದ ಸುದ್ದಿಯಲ್ಲ, ಅಲ್ವಾ?

ಹಳೆಯ ಒಂದು ಭಯವೂ ಇದರ ಜೊತೆ ಇದೆ. 1898ರಲ್ಲಿ ಪ್ಲೇಗ್ ಹುಬ್ಬಳ್ಳಿ ಕಡೆಯಿಂದ ರೈಲು ದಾರಿಯಲ್ಲಿ ಬೆಂಗಳೂರಿಗೆ ಹೋಯಿತು. ನಮ್ಮೂರು ಅದೇ ದಾರಿಯಲ್ಲಿದೆ. ಈಗ ಪ್ಲೇಗಿಗಿಂತ ಹತ್ತಿರದ ಅಪಾಯ ಇಲಿ ಜ್ವರ. ಅದು ಮೊದಲು ತಟ್ಟುವುದು ಚರಂಡಿಯಲ್ಲಿ ನಿಲ್ಲುವ ಪೌರಕಾರ್ಮಿಕರಿಗೆ, ಗದ್ದೆಯಲ್ಲಿ ನಾಟಿ ಮಾಡುವವರಿಗೆ. ಕಾಲಿನ ಸಣ್ಣ ಗಾಯದಿಂದ ಒಳಗೆ ಹೋಗುತ್ತದೆ. ಗಮ್‌ಬೂಟು, ಗ್ಲೌಸು ಅವರಿಗೆ ಸಿಗಲೇಬೇಕು. ಮಳೆನೀರಲ್ಲಿ ನಡೆದ ಕೆಲವು ದಿನಕ್ಕೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಬಂದರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ಚರಂಡಿ ನೀರು ತುಳಿದದ್ದನ್ನೂ ಅವರಿಗೆ ಹೇಳಿ.

ನಿಮ್ಮ ಕ್ರಾಸಿನಲ್ಲಿ ಶುರು ಮಾಡುವುದಾದರೆ ಕ್ರಮ ಹೀಗಿರಲಿ. ಮೊದಲ ವಾರ ಎಲ್ಲರೂ ಕಸವನ್ನು ರಾತ್ರಿ ಹೊರಗಿಡುವುದು ನಿಲ್ಲಿಸಿ, ಬೆಳಿಗ್ಗೆ ಗಾಡಿ ಬಂದಾಗಲೇ ಕೊಡಿ. ತಿಂಡಿ ಗಾಡಿಯವರಿಗೆ ಒಂದು ಮುಚ್ಚಳದ ಡಬ್ಬಿ ಕೊಡಿಸಿ, ಖರ್ಚು ಹತ್ತು ಮನೆಯವರು ಹಂಚಿಕೊಂಡರೆ ಹೊರೆಯಾಗುವುದಿಲ್ಲ. ಎರಡನೇ ವಾರ ಒಡೆದ ಚರಂಡಿ ಹಾಸುಗಲ್ಲುಗಳ ಫೋಟೋ ತೆಗೆದು, ಎಲ್ಲರ ಸಹಿ ಹಾಕಿ ಪಾಲಿಕೆಗೆ ಕೊಡಿ. ಮೂರನೇ ವಾರ ಎಲ್ಲ ಮನೆಗಳಲ್ಲೂ ಒಂದೇ ರಾತ್ರಿ ಬೋನು ಇಡಿ. ಆಮೇಲೆ ಗಾರೆಯವರನ್ನು ಒಟ್ಟಿಗೆ ಕರೆಸಿ ಕಂಡಿ ಮುಚ್ಚಿಸಿ. ಒಬ್ಬೊಬ್ಬರೇ ಕರೆಸುವುದಕ್ಕಿಂತ ಕೂಲಿಯೂ ಕಡಿಮೆ ಬೀಳುತ್ತದೆ.